ಎಡಗಿವಿಯ ಚೀಟಿ
ಬೆಳಿಗ್ಗೆ ಕಿವಿ ಪರೀಕ್ಷೆಯ ಯಂತ್ರ ತೆರೆದ ಕೂಡಲೇ ಅದರ 'ಕೂ' ಸದ್ದನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಾನೇ ಕೇಳಿ ನೋಡಬೇಕೆಂಬುದು ನಾಜ್ನೀನಳ ಕೆಲಸದ ನಿಯಮ. ಗುರುವಾರ ಚಂದಕವಾಡಿಯ ಶಿಬಿರಕ್ಕೆ ತಡವಾಗಿತ್ತು, ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಅಂದು ಅವಳು ಕೇಳದೆಯೇ ಶುರುಮಾಡಿದಳು.

ಶುಕ್ರವಾರ ಚಾಮರಾಜನಗರದ ಕ್ಲಿನಿಕ್ಕಿನಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಎಡಗಡೆ ಸದ್ದೇ ಇಲ್ಲ. ತನ್ನ ಕಿವಿಯೇ ಹೋಯಿತೆಂದು ಬೆವತಳು. ತಿರುಗಿಸಿ ಹಾಕಿಕೊಂಡಳು, ಎಡಗಿವಿಗೆ ಚೆನ್ನಾಗಿಯೇ ಕೇಳಿಸಿತು. ಬುಡದಲ್ಲಿ ವೈರು ಸಡಿಲಾಗಿ, ಆ ಬದಿಯ ಸದ್ದು ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು.

ಆಗ ನೆನಪಾಯಿತು. ನಿನ್ನೆ ಇಬ್ಬರು ಮಕ್ಕಳಿಗೆ ಎಡಗಿವಿ ಕೇಳಿಸುವುದಿಲ್ಲವೆಂದು ಚೀಟಿ ಬರೆದುಕೊಟ್ಟಿದ್ದಳು.

ಕೆಲಸ ಹೋದರೂ ಹೋಗಲಿ ಎಂದು ಡಾಕ್ಟರಿಗೆ ಹೇಳಿದಳು. ಅವರು ಬೈಯಲಿಲ್ಲ. ಬೇರೆ ಹೆಡ್‌ಫೋನ್ ಕೊಟ್ಟು, "ಈಗಲೇ ಹೋಗಿ" ಎಂದರು. ಬಸ್ಸಿನುದ್ದಕ್ಕೂ ಒಂದೇ ಭಯ: ಆಸೆ ಹುಟ್ಟಿಸಿದ ಮೇಲೆ ಮಗುವಿಗೆ ನಿಜವಾಗಿಯೂ ಕೇಳಿಸದಿದ್ದರೆ?

ಮೊದಲ ಮನೆ ಏಳು ವರ್ಷದ ಭಾನುವಿನದು. ಮಗಳನ್ನು ಶಾಲೆಗೂ ಕಳಿಸದೆ ಕೂತಿದ್ದ ತಾಯಿ ಪವಿತ್ರಳ ಕಣ್ಣು ಊದಿತ್ತು.

"ಮತ್ಯಾಕ್ ಬಂದ್ರಿ? ಬಲಗಿವೀನೂ ಓಯ್ತದಾ?"

"ಇಲ್ಲಮ್ಮ. ಯಂತ್ರ ಕೆಟ್ಟಿತ್ತು, ನಾನು ನೋಡ್ಲಿಲ್ಲ. ತಪ್ಪು ನಂದೇ. ಇನ್ನೊಂದ್ಸಲ ನೋಡ್ತೀನಿ."

"ಕೂಗ್ ಕೂಗಿ ನೋಡ್ಬುಟ್ಟೆ. ಊಂ ಅಂತಾಳೆ. ಬಲಗಿವೀಲೇ ಕೇಳಿಸ್ಕತಾವ್ಳೆ ಅನ್ಕಂಡು ನಂಬ್ನಿಲ್ಲ."

ನಾಜ್ನೀನ್ ಹೆಡ್‌ಫೋನಿನ ಎರಡೂ ಕಡೆ ಮೊದಲು ತಾನೇ ಕೇಳಿ ನೋಡಿದಳು. ಪವಿತ್ರ ಕೈಚಾಚಿದಳು. "ನಂಗೂ ಆಕ್ಕೊಡಿ. ನಿಮ್ ಮಾತ್ ನಂಬಿದ್ದು ಸಾಕು." ಅವಳಿಗೂ ಕೇಳಿಸಿತು.

ಭಾನುವನ್ನು ತಾಯಿಯೆದುರು ಕೂರಿಸಿ, ಸದ್ದು ಕೇಳಿಸಿದರೆ ಕೈಯೆತ್ತಲು ಹೇಳಿ, ನಾಜ್ನೀನ್ ಹಿಂದೆ ಕೂತಳು. ಬಲಗಡೆ ಸದ್ದು ಬಿಟ್ಟಾಗಲೆಲ್ಲ ಹುಡುಗಿಯ ಕೈ ಮೇಲೇರಿತು. ಎಡಗಡೆಗೆ ಬಂದಳು. ಕೈ ಏಳಲಿಲ್ಲ. ಸದ್ದು ಹೆಚ್ಚಿಸಿದಳು. ಏಳಲಿಲ್ಲ. ಇನ್ನೂ ಹೆಚ್ಚಿಸಿದಳು. ಆಗಲೂ ಏಳಲಿಲ್ಲ.

ಪವಿತ್ರ ಮಗಳತ್ತ ಬಾಗಿದಳು. "ಕೇಳಿಸ್ನಿಲ್ವೇನಮ್ಮಿ?"

"ಕೇಳುಸ್ತದೆ ಕಣವ್ವ! ನೀನು ನನ್ ಎರಡ್ ಕೈನೂ ಇಡ್ಕಂಡಿದ್ದೀಯಲ್ಲ, ಎಂಗ್ ಎತ್ಲಿ?"

ಪವಿತ್ರ ಬೆಂಕಿ ಮುಟ್ಟಿದವಳಂತೆ ಕೈಬಿಟ್ಟಳು. ಅಲ್ಲಿಂದ ಅತಿ ಸಣ್ಣ ಸದ್ದಿನವರೆಗೂ ಭಾನು ಒಂದನ್ನೂ ತಪ್ಪಿಸಲಿಲ್ಲ. ತಾಯಿ ಗೋಡೆಗೊರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಜ್ನೀನ್ ಎರಡೂ ಕಿವಿ ಸರಿಯಿವೆಯೆಂದು ಹೊಸ ಚೀಟಿ ಬರೆದಿಟ್ಟಳು.

ಪವಿತ್ರ ಮುಖ ಒರೆಸಿಕೊಂಡು ಕೇಳಿದಳು: "ಇನ್ಯಾರ್‌ಗ್ ಬರ್ಕೊಟ್ಟಿದ್ದೀರಿ?"

"ಕೆಂಪಯ್ಯನವರ ಮೊಮ್ಮಗನಿಗೆ."

"ಅಯ್ಯೋ, ಅದ್ಕೇ ಅವ್ರ ಮನೇಲೂ ಒಲೆ ಅಚ್ಚಿಲ್ವಂತೆ. ಏಳಿ, ಮನೆ ತೋರುಸ್ತೀನಿ."

ನಾಜ್ನೀನ್ ಯಂತ್ರ ಎತ್ತಿಕೊಂಡಳು. ಆ ಹುಡುಗನಿಗೆ ಕೇಳಿಸುವುದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ.