ಚಪ್ಪರದ ನೀಲಿ ದ್ರಾಕ್ಷಿ

ದೊಡ್ಡಬಳ್ಳಾಪುರದ ವೈನ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಮಗಳು ನವ್ಯಶ್ರೀಗೆ ಮೊದಲ ಸಲ ಸ್ವಂತವಾಗಿ ವೈನ್ ಮಾಡಲು ಬಿಟ್ಟಿದ್ದರು, ನಮ್ಮ ತೋಟದ ಶಿರಾಜ್ ದ್ರಾಕ್ಷಿಯಿಂದಲೇ. ಕೊಯ್ದ ದಿನ ಕ್ರೇಟುಗಳು ತುಂಬಲಿಲ್ಲ. ಮಗಳ ಕೆಲಸಕ್ಕೆ ಅರೆಬರೆ ಕಳಿಸಲು ಮನಸ್ಸಾಗದೆ, ಮನೆ ಮುಂದಿನ ಚಪ್ಪರದ ಬೆಂಗಳೂರು ನೀಲಿ ದ್ರಾಕ್ಷಿಯನ್ನು, ಬಣ್ಣ ಹೆಚ್ಚುಕಮ್ಮಿ ಒಂದೇ ಅಂತ, ಅದರಲ್ಲೇ ಬೆರೆಸಿ ತುಂಬಿ ಕಳಿಸಿದೆ.

ಎರಡು ತಿಂಗಳಾದ ಮೇಲೆ ಅವಳು ಅಡುಗೆಮನೆಯಲ್ಲಿ ನನ್ನ ಮುಂದೆ ಆ ವೈನಿನ ಲೋಟ ಹಿಡಿದಳು.

“ಮೂಸ್ ನೋಡಮ್ಮ. ಶಿರಾಜ್ ಅಂದ್ರೆ ಕರಿಮೆಣಸಿನ ಘಮ ಇರ್ಬೇಕು. ಇದು ಬರೀ ನಮ್ ಚಪ್ಪರದ ವಾಸನೆ. ನೀಲಿ ಸ್ವಲ್ಪ ಬಿದ್ರೂ ಬೇರೆ ರುಚೀನೆಲ್ಲ ನುಂಗ್ಬಿಡುತ್ತೆ.”

“ನಾನೇ ಹಾಕ್ದೆ ಕಣೇ. ಹೇಳ್ಬಿಡು ಫ್ಯಾಕ್ಟರಿಯವ್ರಿಗೆ.”

“ಏನಂತ? ನಮ್ಮಮ್ಮ ಕ್ರೇಟು ತುಂಬ್ಸಿದ್ಲು ಅಂತಾನಾ? ನಂದೇ ತಪ್ಪು ಅಂದೆ. ನಾಳೆಯಿಂದ ಲೇಬಲ್ ಅಂಟ್ಸೋ ಕಡೆ ಹೋಗ್ಬೇಕು.”

ಮುದ್ದೆ ಬಡಿಸಿದೆ. ಅವಳು ಬೈಯಲೂ ಇಲ್ಲ, ಉಂಡು ತಟ್ಟೆ ತೊಳೆದಿಟ್ಟಳು.