ನಡೆಯುವ ವೇಗ

ಅತ್ತುಬಿಡಿ, ಅತ್ತರೆ ಹಗುರಾಗುತ್ತೆ ಎಂದು ಹೇಳದವರು ಯಾರೂ ಉಳಿದಿರಲಿಲ್ಲ. ನನ್ನ ಗಂಡ ವಿರೂಪಾಕ್ಷ ಬೇಸಿಗೆಯಲ್ಲಿ ತೀರಿಕೊಂಡರು. ಆಫೀಸಿನಲ್ಲಿ ಕುರ್ಚಿಯಿಂದ ಎದ್ದವರು ಹಾಗೇ ಕುಸಿದರಂತೆ. ಧಾರವಾಡಕ್ಕೆ ಒಯ್ದು ಮಣ್ಣು ಮಾಡಿ ಬಂದೆವು. ಮಳೆಗಾಲ ಬಂತು, ಹೋಯಿತು, ನನ್ನ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ. ಬರದ ಅಳುವನ್ನು ಎಲ್ಲಿಂದ ತರಲಿ? ರಸೆಲ್ ಮಾರುಕಟ್ಟೆಯಲ್ಲಿ ತೂಕಕ್ಕೆ ಸಿಗುತ್ತದೆಯೇ?

ಹೂವಂತೂ ಅಲ್ಲಿಂದಲೇ ಬರುತ್ತಿತ್ತು. ಅವರ ತಂಗಿ ಸುಭದ್ರಾ ಇರುವುದು ಬೈಯಪ್ಪನಹಳ್ಳಿಯಲ್ಲಿ. ಪ್ರತಿ ಸೋಮವಾರ ಬಸ್ಸು ಹಿಡಿದು ಶಿವಾಜಿನಗರದ ಆ ಮಾರುಕಟ್ಟೆಗೆ ಹೋಗಿ, ಮಾಲೆ ತಗೊಂಡು, ಲಿಂಗರಾಜಪುರದ ನಮ್ಮ ಮನೆಗೆ ಬಂದು ಅಣ್ಣನ ಫೋಟೋಕ್ಕೆ ಏರಿಸಿ, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಅತ್ತು ಮುಗಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಚಹಾಕ್ಕೆ ಇಡುತ್ತಿದ್ದೆ.

“ವೈನಿ, ಖರೇ ಹೇಳ್ರಿ. ನಿಮಗ ಅಣ್ಣನ ಮ್ಯಾಲ ಏನೂ ಇರ್ಲಿಲ್ಲೇನು?” ಎಂದು ಒಂದು ಸೋಮವಾರ ಕೇಳಿಯೇಬಿಟ್ಟಳು.

ಮೈಯೆಲ್ಲ ಉರಿಯಬೇಕಿತ್ತು. ಉರಿಯಲಿಲ್ಲ. “ಸಕ್ರಿ ಎಷ್ಟ ಹಾಕ್ಲಿ?” ಎಂದೆ. ಅವಳು ಎದ್ದು ಹೋದಳು, ಪ್ರಶ್ನೆ ಮಾತ್ರ ಮನೆಯಲ್ಲೇ ಕೂತಿತು. ಇಷ್ಟು ವರ್ಷ ಜೊತೆಗೆ ಉಂಡು, ಜಗಳಾಡಿ, ಮಲಗಿ, ಆ ಮನುಷ್ಯನನ್ನು ನಾನು ಪ್ರೀತಿಸಲೇ ಇಲ್ಲವೇನೋ ಎಂದು ಭಯವಾಯಿತು. ಬೇರೆ ಯಾವುದೂ ಆಗದೆ ಇದ್ದ ಆ ದಿನಗಳಲ್ಲಿ ಭಯ ಒಂದೇ ಆಗುತ್ತಿತ್ತು.

ನನಗೆ ಉಳಿದಿದ್ದ ಒಂದೇ ಆಸೆ ನಮ್ಮ ಆರ್ಕೆಸ್ಟ್ರಾ. ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುತ್ತಾರಲ್ಲ, ಅದಲ್ಲ. ಇದು ಕಾಗದ ನೋಡಿಕೊಂಡು ಪಾಶ್ಚಾತ್ಯ ಶಾಸ್ತ್ರೀಯ ನುಡಿಸುವವರದು, ಫ್ರೇಜರ್ ಟೌನಿನ ಒಂದು ಶಾಲೆಯ ಹಾಲಿನಲ್ಲಿ ತಾಲೀಮು. ನಡುವಯಸ್ಸಿನಲ್ಲಿ ವಿರೂಪಾಕ್ಷರಿಗೆ ಚೆಲ್ಲೋ ಹುಚ್ಚು ಹಿಡಿಯಿತು, ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಆ ದೊಡ್ಡ ಪಿಟೀಲು. ಧಾರವಾಡದಲ್ಲಿ ಚಾಪೆಯ ಮೇಲೆ ಕೂತು ಹಿಂದುಸ್ತಾನಿ ಕಲಿತಿದ್ದ ನನ್ನನ್ನೂ ಎಳೆದು ತಂದು ಕುರ್ಚಿಯ ಮೇಲೆ ಕೂರಿಸಿದರು. ಮುಖ್ಯ ಪಿಟೀಲುಗಳ ಕೆಳಗೆ ಜೊತೆ ನುಡಿಸುವ ಎರಡನೇ ಪಿಟೀಲುಗಳ ಗುಂಪಿಗೆ ಈಗ ನಾನೇ ಮುಂದಾಳು. ನನ್ನ ಕಮಾನು ಇಳಿದರೆ ಹಿಂದಿನವರೂ ಇಳಿಸಬೇಕು, ಎತ್ತಿದರೆ ಎತ್ತಬೇಕು.

ನಮ್ಮಲ್ಲೊಂದು ಪದ್ಧತಿ ಇದೆ. ವಾದಕರು ಯಾರಾದರೂ ತೀರಿಕೊಂಡರೆ ಮುಂದಿನ ಕಚೇರಿಯಲ್ಲಿ ಅವರ ಜಾಗಕ್ಕೆ ಯಾರನ್ನೂ ಕೂರಿಸುವುದಿಲ್ಲ. ಅವರೊಬ್ಬರೇ ನುಡಿಸಬೇಕಾದ ಸಾಲುಗಳನ್ನು ಖಾಲಿ ಬಿಡುತ್ತೇವೆ. ಈ ಸಲ ಆರಿಸಿದ್ದು ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಮುಗಿಯುವ ಸಣ್ಣ ಕೃತಿ. ಡಿ ಮೈನರ್ ಸ್ವರಶ್ರೇಣಿ, ನಮ್ಮ ಕಿವಿಗೆ ಕೀರವಾಣಿ ರಾಗದ ಓಣಿಯಲ್ಲಿ ಓಡಾಡಿದಂತಿರುತ್ತದೆ. ನಡುವೆ ಚೆಲ್ಲೋ ಒಂದೇ ಹಾಡುತ್ತದೆ, ಕೆಳಗೆ ನಮ್ಮ ಪಿಟೀಲುಗಳು ಮೆಲ್ಲಗೆ ತೂಗುತ್ತಿರುತ್ತವೆ. ಆ ಸೋಲೋ ಪ್ರತಿ ಸಲ ಅವರೇ ನುಡಿಸುತ್ತಿದ್ದದ್ದು. ಅದು ಖಾಲಿ ಹೋಗುವಾಗಲಾದರೂ ಅಳು ಬಂದೀತು, ಅಲ್ಲೂ ಬರದಿದ್ದರೆ ಸುಭದ್ರಾ ಕೇಳಿದ್ದೇ ನಿಜ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ತಾಲೀಮಿನಲ್ಲಿ ಎಲ್ಲರಿಗೂ ನನ್ನ ಮೇಲೆ ಕರುಣೆ. ಕರುಣೆ ಹೆಚ್ಚಾದಷ್ಟೂ ನುಡಿಸುವುದು ನಿಧಾನವಾಯಿತು. ಮುಂದೆ ನಿಂತು ಕೋಲು ಬೀಸಿ ಎಲ್ಲರನ್ನೂ ನಡೆಸುವ ಮರ್ವಿನ್ ಅವರಂತೂ ಕಣ್ಣು ಮುಚ್ಚಿಕೊಂಡು ಎಳೆದರು, ಎಳೆದರು, ಎಳೆದೇ ಎಳೆದರು. ನನಗೆ ತಡೆಯಲಾಗಲಿಲ್ಲ.

“ಮರ್ವಿನ್ ಸರ್, ಹಾಳೆ ಮೇಲೆ ಏನ್ ಬರ್ದಿದೆ?”

“ಅಂದಾಂತೆ.”

“ಅಂದ್ರೆ?”

“ನಡೆಯೋ ಸ್ಪೀಡು, ಮೇಡಂ. ಆದ್ರೆ ಸಾರ್ ನೆನಪಿಗೆ ಅಂತ ಸ್ವಲ್ಪ...”

“ನಾವ್ ನಡೀತಿಲ್ಲ, ತೆವಳ್ತಿದೀವಿ. ಹೆಣದ ಹಿಂದೆ ಹೋಗೋರೂ ಇದಕ್ಕಿಂತ ಜೋರಾಗಿ ಹೋಗ್ತಾರೆ. ನಾನು ಹೋಗ್ಬಂದಿದೀನಿ.”

ನನ್ನ ಪಕ್ಕ ಕೂತು ಹಾಳೆ ತಿರುಗಿಸುವ ಸಾಮಿಯಾ, “ಆಂಟಿ, ನೀರು ಕುಡೀರಿ,” ಎಂದು ಬಾಟಲಿ ಕೊಟ್ಟಳು. ಮರ್ವಿನ್ ಪಾಪ, ವೇಗ ಸರಿ ಮಾಡಿದರು. ನಾವು ದಾರಿ ತಪ್ಪಬಾರದೆಂದು ಸೋಲೋ ಭಾಗವನ್ನು ತಾವೇ ಲಾ ಲಾ ಎಂದು ಹಾಡಿದರು. “ಕಚೇರಿ ದಿನ ನಾನು ಬಾಯಿ ಮುಚ್ಕೊಂಡಿರ್ತೀನಿ,” ಎಂದರು. ಸ್ವರಗಳೆಲ್ಲ ಸರಿಯಾಗಿ ಬಂದವು. ಅಳು ಬರಲಿಲ್ಲ.

ಭಾನುವಾರ ಸಂಜೆ ಹಲಸೂರಿನ ಸಭಾಂಗಣದಲ್ಲಿ ಕಚೇರಿ. ಸುಭದ್ರಾ ಮುಂದಿನ ಸಾಲಿನಲ್ಲಿ ಕೂತು ಶುರುವಾಗುವ ಮೊದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ನುಡಿಸಿದೆ. ಬೆರಳಿಗೆ ತಂತಿ ತಾಕುತ್ತಿತ್ತು, ನನಗೆ ಏನೂ ತಾಕುತ್ತಿರಲಿಲ್ಲ. ಸೋಲೋ ಹತ್ತಿರ ಬಂತು. ಅಲ್ಲಿ ನಾವು ಒಂದು ಸ್ವರ ಎಳೆದು, ಕಮಾನು ಎತ್ತಿ, ಚೆಲ್ಲೋ ಜೊತೆಗೇ ಮತ್ತೆ ಇಳಿಸಬೇಕು.

ಎತ್ತಿದೆ. ಮರ್ವಿನ್ ಕೋಲು ಇಳಿಯಿತು. ನನ್ನ ಕೈ ಇಳಿಯಲಿಲ್ಲ.

ವಿರೂಪಾಕ್ಷ ಆ ಜಾಗದಲ್ಲಿ ಒಮ್ಮೆಯೂ ಸಮಯಕ್ಕೆ ಶುರು ಮಾಡಿದವರಲ್ಲ. ಮೂಗಿನಿಂದ ಸೊರ್ ಎಂದು ಒಂದು ಉಸಿರೆಳೆದುಕೊಂಡೇ ಕಮಾನು ಹಚ್ಚುತ್ತಿದ್ದರು. “ನೆಗಡಿ ಆಗೇದೇನ್ರಿ?” ಎಂದು ಎಷ್ಟು ಸಲ ಬೈದಿದ್ದೇನೋ. ಬೈಯುತ್ತಲೇ ನನ್ನ ಕೈ ಮರ್ವಿನ್ ಕೋಲಿನ ಸನ್ನೆ ಬಿಟ್ಟು ಆ ಉಸಿರನ್ನೇ ಕಾಯುವುದನ್ನು ಕಲಿತುಬಿಟ್ಟಿತ್ತು. ನನಗೆ ಗೊತ್ತೇ ಇರಲಿಲ್ಲ. ತಾಲೀಮಿನಲ್ಲಿ ಮರ್ವಿನ್ ದನಿ ಇತ್ತು, ಇಲ್ಲಿ ಅದೂ ಇಲ್ಲ.

ನನ್ನ ಕಮಾನು ನಿಂತದ್ದಕ್ಕೆ ಹಿಂದಿನವರದೆಲ್ಲ ನಿಂತಿತು. ಸಭೆ ಪೂರ್ತಿ ನಿಶ್ಶಬ್ದವಾಯಿತು. ಬರ್ರೀ ಇನ್ನ, ಮಂದಿ ನೋಡಾಕತ್ತಾರ, ಎಷ್ಟೊತ್ತ ಕೈ ಎತ್ತಿಕೊಂಡಿರ್ಲಿ ಎಂದು ನನಗೆ ಸಿಟ್ಟೇ ಬಂತು. ಬೇಸಿಗೆಯಿಂದೀಚೆಗೆ ಅವರ ಮೇಲೆ ಬಂದ ಮೊದಲ ಸಿಟ್ಟು. ತಿರುಗಿ ನೋಡಿದೆ. ಕುರ್ಚಿ ಖಾಲಿ ಇತ್ತು. ಅವರು ಸತ್ತಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಸಾಮಿಯಾ ಕಾಲಿನಿಂದ ನನ್ನ ಕಾಲು ತಟ್ಟಿದಳು. ಕಮಾನು ಇಳಿಸಿದೆ. ಉಳಿದದ್ದನ್ನು ನಡೆಯುವ ವೇಗದಲ್ಲೇ ನುಡಿಸಿ ಮುಗಿಸಿದೆವು. ಚಪ್ಪಾಳೆ ಬಿತ್ತು. “ಆ ಸೈಲೆನ್ಸ್ ಎಷ್ಟ್ ಚೆನ್ನಾಗಿತ್ತು, ಮೇಡಂ! ಮೊದ್ಲೇ ಹೇಳ್ಬಾರ್ದಿತ್ತಾ?” ಎಂದರು ಮರ್ವಿನ್. ನಾನು ಪಿಟೀಲನ್ನು ಪೆಟ್ಟಿಗೆಗೆ ಹಾಕಿದೆ.

ಸುಭದ್ರಾ ಬಂದಳು. ಅವಳಿಗೆ ಸಂಗೀತ ತಿಳಿಯದು, ಆದರೆ ಕಣ್ಣು ಚುರುಕು. “ನಡುವ ಯಾಕ ನಿಂತ್ರಿ, ವೈನಿ? ಮರೀತೇನು?”

“ಇಲ್ಲ,” ಎಂದೆ. “ನಿಮ್ಮಣ್ಣ ಬರ್ಲಿ ಅಂತ ಕಾಯ್ಕೋತ ಇದ್ದೆ.”

ಅವಳು ನನ್ನ ಕೈ ಹಿಡಿದುಕೊಂಡಳು. ಮೆಲ್ಲಗೆ, “ದಿನಾ ಕಾಯ್ತೀರೇನ್ರಿ?” ಎಂದಳು.

“ಹೂಂ,” ಎಂದೆ. ಕಣ್ಣು ಒಣಗಿಯೇ ಇತ್ತು.