ಅಕ್ಕನ ಸುಮ್ಮನಿರದ ಕೈ

ಅಕ್ಕ ಖಾಲಿ ಸೂಟ್‌ಕೇಸ್ ಹಿಡಿದುಕೊಂಡೇ ಬಂದಳು. ಬಾಗಿಲಲ್ಲಿ ಚಪ್ಪಲಿಯ ಬಕಲ್ ಬಿಚ್ಚಲು ಬಗ್ಗಿದವಳು ಸೊಂಟ ಹಿಡಿದುಕೊಂಡು, ಆ ಬಕಲ್ ಮಾಡಿದವನ ಏಳು ತಲೆಮಾರನ್ನೂ ಬೈದು, ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಕಾಲಿಟ್ಟಳು. ತಮ್ಮ ನೋಡಿದ್ದ. ಬೆಳಗಿನ ಸರದಿಯ ಸಹಾಯಕಿಯೂ ನೋಡಿದ್ದಳು. ಇಬ್ಬರೂ ನೆರವಿಗೆ ಬರಲಿಲ್ಲ, ಯಾಕೆಂದರೆ ಆ ಮನೆಯ ನಿಯಮವೇ ಹಾಗಿತ್ತು.

ಅದು ವಯಸ್ಸಾದವರು, ಕೈಕಾಲು ಸ್ವಾಧೀನದಲ್ಲಿಲ್ಲದವರು ತಮ್ಮ ಪಾಡಿಗೆ ತಾವು ಬಾಳಲಿ ಎಂದು ಕಟ್ಟಿದ ಮನೆ. ಒಬ್ಬೊಬ್ಬರಿಗೂ ಒಂದು ಕೋಣೆ, ಮೊಣಕೈ ತಾಗುವಷ್ಟು ಅಡುಗೆಮನೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ಸಹಾಯಕಿಯರು ಕೇಳಿದರೆ ಎಲ್ಲವನ್ನೂ ಮಾಡಿಕೊಡುತ್ತಾರೆ, ಕೇಳದಿದ್ದರೆ ಕಡ್ಡಿಯನ್ನೂ ಎತ್ತಿಡುವುದಿಲ್ಲ. ಅಕ್ಕನ ಪ್ರಕಾರ ಇದು ಸಂಬಳ ತೆಗೆದುಕೊಂಡು ಕೈಕಟ್ಟಿ ಕೂರಲು ಯಾರೋ ಹೂಡಿದ ಉಪಾಯ.

ಅಕ್ಕನದು ಬೇರೆ ಪಂಥ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊದಲು ಮಾತಿನ ಕೂಸು. ಅವನನ್ನು ಸಾಕಿದವಳು ಅವಳೇ. ಹೊಲಿಗೆ ಮಿಶನ್ ತುಳಿದು ತುಳಿದು ಅವನಿಗೊಂದು ಕಟಿಂಗ್ ಶಾಪ್ ಹಾಕಿಕೊಟ್ಟಳು. ಗಿರಾಕಿಗಳ ಕೊರಳಿಗೆ ಕಟ್ಟುವ ಬಟ್ಟೆಯನ್ನೂ ಅವಳೇ ಹೊಲಿದಳು. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲಂತೂ ಕೇಳುವುದೇ ಬೇಡ. ಅಕ್ಕನ ಮನೆಯಲ್ಲಿ ಅವನು ಸೀನುವ ಮೊದಲೇ ಕರವಸ್ತ್ರ ಮೂಗಿನ ಹತ್ತಿರ ಬಂದು ನಿಂತಿರುತ್ತಿತ್ತು. ಅವನ ಅರ್ಧ ಮಾತನ್ನು ಅವಳು ಆಡಿ ಮುಗಿಸುತ್ತಿದ್ದಳು, ಅದೂ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಕಡೆಗೊಂದು ದಿನ "ನಾಲ್ಕು ದಿನ ಇದ್ದು ನೋಡ್ತೀನಿ" ಎಂದು ಅವನು ಈ ಕೋಣೆಗೆ ಬಂದ. ನಾಲ್ಕು ದಿನ ಚಳಿಗಾಲ ದಾಟಿ ಬೇಸಿಗೆಗೆ ಬಂತು. ಕೋಣೆ ಇಟ್ಟುಕೊಳ್ಳುತ್ತಾನೋ ಬಿಡುತ್ತಾನೋ ಇವತ್ತು ಆಫೀಸಿಗೆ ಹೇಳಬೇಕಿತ್ತು. ಕೆಳಗೆ ಅಕ್ಕನ ಬಾಡಿಗೆ ಗಾಡಿ ಕಾಯುತ್ತಿತ್ತು.

"ಬಟ್ಟೆ ಎಲ್ಲಿಟ್ಟಿದ್ದೀಯ? ತೆಗಿ" ಎಂದಳು ಅಕ್ಕ. ಕೈ ಆಗಲೇ ಅವನ ಶರ್ಟಿನ ತಪ್ಪು ಗುಂಡಿಯ ಕಡೆ ಹೊರಟಿತ್ತು.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಮೊದಲು ಟೀ ಕುಡಿ. ನಾನೇ ಮಾಡ್ತೀನಿ. ಒಂದು ಪಂದ್ಯ ಅಕ್ಕ. ಮಧ್ಯೆ ನಾನು ನಿನ್ನ ಸಹಾಯ ಕೇಳಿದ್ರೆ ಸುಮ್ನೆ ಗಾಡಿ ಹತ್ತುತೀನಿ. ನಾನು ಕೇಳೋ ಮುಂಚೆ ನೀನು ಎದ್ರೆ, ಇಲ್ಲೇ ಇರ್ತೀನಿ."

"ಅಷ್ಟೇನಾ? ನಾನು ಕಲ್ಲಿನ ಹಾಗೆ ಕೂತಿರ್ತೀನಿ" ಎಂದಳು ಅಕ್ಕ.

ಸಹಾಯಕಿಗೆ ಕೆಮ್ಮು ಬಂತು. ತಮ್ಮ ಮಾತ್ರ ಕಲ್ಲನ್ನು ನಂಬಲಿಲ್ಲ. ಪೆಟ್ಟಿಗೆಯಿಂದ ಅಂಗಡಿಯ ಆ ಹಳೆಯ ಬಟ್ಟೆ ತೆಗೆದು, ಕುರ್ಚಿಯಲ್ಲಿ ಕೂತ ಅಕ್ಕನ ಕೊರಳ ಸುತ್ತ ಎಡಗೈಯಲ್ಲೇ ಹೊದಿಸಿ, ಹಿಂದೆ ಒಂದು ಕ್ಲಿಪ್ ಹಾಕಿದ. ಅಕ್ಕನ ಎರಡು ಕೈಗಳೂ ಅವಳೇ ಹೊಲಿದ ಬಟ್ಟೆಯೊಳಗೆ ಸೆರೆಯಾದವು.

ಅವನು ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಡ್ರಾಯರಿಗೆ ಸಿಕ್ಕಿಸಿ, ಡ್ರಾಯರನ್ನು ಸೊಂಟದಿಂದ ಒತ್ತಿ ಹಿಡಿದು, ಎಡಗೈಯ ಕತ್ತರಿಯಲ್ಲಿ ಕತ್ತರಿಸಿದ. ಒಂದಿಷ್ಟು ಹಾಲು ಚಡ್ಡಿ ಬನಿಯನ್‌ಗಳಿದ್ದ ಡ್ರಾಯರಿಗೆ ಹೋಯಿತು. ಬಟ್ಟೆಯೊಳಗೆ ಅಕ್ಕನ ಕೈಗಳು ಚೀಲದಲ್ಲಿ ಸಿಕ್ಕ ಬೆಕ್ಕಿನಂತೆ ಒದ್ದಾಡಿದವು.

"ಅಲ್ಲಾಡಬೇಡ ಅಕ್ಕ, ಕಿವಿ ಹೋದೀತು" ಎಂದ ಅವನು, ಹಿಂದಿರುಗಿ ನೋಡದೆ.

"ನಿನ್ನ ಕಿವಿ ಹಿಂಡೋಕೆ ನನ್ನ ಕೈ ಬೇಕಲ್ಲ, ಅದಕ್ಕೇ ಕಟ್ಟಿದ್ದೀಯ" ಎಂದಳು ಅಕ್ಕ. ಆದರೆ ಕೂತೇ ಇದ್ದಳು. ಲೋಟ ಜಾರದಂತೆ ಅವನು ಒದ್ದೆ ಬಟ್ಟೆ ಹಾಸಿದ್ದನ್ನೂ, ಪಾತ್ರೆಯ ಹಿಡಿಯನ್ನು ಗೋಡೆಗೆ ಆನಿಸಿದ್ದನ್ನೂ ನೋಡುತ್ತಿದ್ದಳು. ಇದೆಲ್ಲ ಇವನಿಗೆ ಯಾವಾಗ ಬಂತು? ಅವಳಿಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಭಯ. ಇವನಿಗೂ ನಾನು ಬೇಡವಾದರೆ ಇನ್ನು ಯಾರಿಗೆ ಬೇಕು?

ಎಡವಟ್ಟಾದದ್ದು ಸಕ್ಕರೆ ಡಬ್ಬಿಯಲ್ಲಿ. ಡಬ್ಬಿಯನ್ನು ಮಂಡಿಗಳ ನಡುವೆ ಇಟ್ಟು ಮುಚ್ಚಳ ತಿರುಗಿಸಿದ, ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಡಬ್ಬಿ ಜಾರಿ ಉರುಳಿತು, ಅದನ್ನು ಹಿಡಿಯಲು ಹೋಗಿ ಅವನೂ ವಾಲಿ, ಕಟ್ಟೆ ಹಿಡಿದು ನಿಂತ. ಅತ್ತ ಟೀ ಉಕ್ಕತೊಡಗಿತು. ಸಹಾಯಕಿ ತಾನು ಕೂತಿದ್ದ ಸ್ಟೂಲಿನ ತುದಿಗೆ ಬಂದಳು. ಕೆಳಗೆ ಗಾಡಿಯವನು ಹಾರ್ನ್ ಹೊಡೆದ.

ತಮ್ಮ ಅಕ್ಕನ ಕಡೆ ತಿರುಗಿದ. ಆ ಮುಖ ಅಕ್ಕನಿಗೆ ಗೊತ್ತು. ಚಿಕ್ಕವನಿದ್ದಾಗ ಲೆಕ್ಕ ಬಾರದೆ ಸ್ಲೇಟು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದ ಮುಖ. ಸೋತೆ ಅನ್ನುವ ಮುಖ. ಅವನ ತುಟಿ ಬಿಚ್ಚಿತು. ಅವಳು ಒಂದೇ ಒಂದು ಗಳಿಗೆ ಕಲ್ಲಿನ ಹಾಗೆ ಕೂತಿದ್ದರೆ ಸಾಕಿತ್ತು, ಸೂಟ್‌ಕೇಸ್ ತುಂಬುತ್ತಿತ್ತು.

ಅಕ್ಕ ಧಡಕ್ಕನೆ ಎದ್ದು ನಿಂತಳು. ಕ್ಲಿಪ್ ಹಾರಿ ಎಲ್ಲೋ ಬಿತ್ತು.

"ಹೋಗಲಿ ಬಿಡು, ಸೋತೆ! ಸುಮ್ನೆ ಕೂರು ಅಂದ್ರೆ ಈ ಕೈ ಕೇಳಬೇಕಲ್ಲ!" ಎಂದು ಬಟ್ಟೆಯನ್ನು ಕುರ್ಚಿಯ ಮೇಲೆ ಎಸೆದಳು.

ಆದರೆ ಎದ್ದದ್ದಷ್ಟೇ. ಡಬ್ಬಿಯನ್ನು ಮುಟ್ಟಲಿಲ್ಲ, ಒಲೆಯ ಹತ್ತಿರ ಹೋಗಲಿಲ್ಲ. ಒಲೆ ಆರಿಸಿದವನು ತಮ್ಮ. ಡಬ್ಬಿಯನ್ನು ಎತ್ತಿ ಕಟ್ಟೆಯ ಅಂಚಿಗೆ ನಾಲ್ಕು ಸಲ ಕುಟ್ಟಿದವನೂ ಅವನೇ. ಮುಚ್ಚಳ ಇಷ್ಟು ಹೊತ್ತು ಸತಾಯಿಸಿದ್ದು ತಾನಲ್ಲವೆಂಬಂತೆ ಸಲೀಸಾಗಿ ಬಿಚ್ಚಿಕೊಂಡಿತು.

ಟೀ ಅರ್ಧ ಲೋಟವಾಗಿತ್ತು. ಉಳಿದರ್ಧ ಒಲೆಯ ಮೇಲಿತ್ತು.

"ಅಕ್ಕ, ನೀನು ಏಳುವಾಗ ನಾನು ಬಾಯಿ ತೆರೆದಿದ್ದೆ" ಎಂದ ಅವನು, ಮೆಲ್ಲಗೆ.

"ಆಕಳಿಸ್ತಿದ್ದೀಯ ಅಂದ್ಕೊಂಡೆ" ಎಂದಳು ಅಕ್ಕ, ಲೋಟದಿಂದ ಮುಖ ಎತ್ತದೆ. "ಟೀಗೆ ಸಕ್ಕರೆ ಜಾಸ್ತಿಯಾಯ್ತು."

ಖಾಲಿ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದವಳಿಗೆ ಮತ್ತೆ ಅದೇ ಬಕಲ್ ಎದುರಾಯಿತು. ಬಗ್ಗಿದಳು, ಅರ್ಧಕ್ಕೇ ನಿಂತಳು, ಗೋಡೆ ಹಿಡಿದಳು. ತಮ್ಮ ಪಕ್ಕದಲ್ಲೇ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

"ಏನೋ, ತಮಾಷೆ ನೋಡ್ತಿದ್ದೀಯಾ?"

"ಇಲ್ಲಿನ ನಿಯಮ ಅಕ್ಕ. ಕೇಳಿದ್ರೆ ಮಾಡ್ತೀವಿ."

ಅಕ್ಕ ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳುವ ವಯಸ್ಸಿನಲ್ಲಿ ಕೇಳಲು ಯಾರೂ ಇರಲಿಲ್ಲ, ಆಮೇಲೆ ಅಭ್ಯಾಸ ತಪ್ಪಿತ್ತು. ಮೆಟ್ಟಿಲು ನೋಡಿದಳು, ಚಪ್ಪಲಿ ನೋಡಿದಳು. ಗಾಡಿಯವನು ಮತ್ತೊಮ್ಮೆ ಹಾರ್ನ್ ಹೊಡೆದ.

"ಸ್ವಲ್ಪ ಹಾಕಿಕೊಡೋ" ಎಂದಳು, ಗೋಡೆಗೆ ಹೇಳುವವಳ ಹಾಗೆ.

ಸಹಾಯಕಿ ತಂದಿಟ್ಟ ಸ್ಟೂಲಿನ ಮೇಲೆ ಕೂತು ಅವನು ಅಕ್ಕನ ಕಾಲನ್ನು ಮಂಡಿಯ ಮೇಲೆ ಇರಿಸಿಕೊಂಡ. ಒಂದೇ ಕೈಯಲ್ಲಿ ಪಟ್ಟಿ ಎಳೆದ, ಜಾರಿತು. ಮತ್ತೆ ಎಳೆದ, ತೂತು ತಪ್ಪಿತು. ಅಕ್ಕನ ಕೈಗಳು ತಾವಾಗಿಯೇ ಮುಂದಕ್ಕೆ ಬಂದವು. ಅವಳು ಅವನ್ನು ಹಿಂದಕ್ಕೆಳೆದುಕೊಂಡು ಕಂಕುಳಲ್ಲಿ ಸಿಕ್ಕಿಸಿದಳು.

"ನಿಧಾನವಾಗಿ ಹಾಕು. ಗಾಡಿಯವನು ಕಾಯ್ತಾನೆ" ಎಂದಳು.